ಒಳಕಲ್ಲಿನ ಕುಣಿಯಲ್ಲಿ ಹಸಿರು

“ನಮ್ಮ ಅಪ್ಪನ ಕಾಲದಿಂದ ಹಂದರ ಹಾಕತೀವ್ರಿ ಅಕ್ಕಾರ. ಯಾರ ಮನಿಯಿಂದನೂ ಒಂದು ಮೊಳಿ ಸುದ್ದಾ ತಂದಿಲ್ಲ. ಈಗ ಕಲ್ಲು ಕದ್ದಿ ಅಂತಾರ,” ಎಂದ ನಜೀರಸಾಬ, ಬೆಟಗೇರಿಯಲ್ಲಿ ದುರ್ಗಾಳ ಪಡಸಾಲೆಯಲ್ಲಿ ಕುಳಿತು.

ದುರ್ಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ಊರವರ ಕಳವು, ತಂಟೆಗಳ ಗಂಟು ಬಿಡಿಸುವುದು ಅವಳ ಎರಡನೆಯ ಕೆಲಸ. ಸ್ಕೂಟಿ ಓಡಿಸುವುದು, ಕೇಳಬಾರದ ಪ್ರಶ್ನೆ ಕೇಳುವುದು ಗೆಳತಿ ಕಾಂಚನಾಳ ಪಾಲು.

ಹೊಂಬಳದ ಲಕ್ಷ್ಮಪ್ಪನ ಮಗಳು ಮಮತಾಳ ಮದುವೆ. ಅಂದು ಸಂಜೆ ಅರಿಷಿಣ ಕುಟ್ಟುವ ಶಾಸ್ತ್ರ. ಮುಂಜಾನೆಯೇ ಹಿತ್ತಲಿನ ಒಳಕಲ್ಲು ತರಲು ಹೋದ ಹೆಂಗಸರಿಗೆ ಕಂಡದ್ದು ಬರೀ ಕುಣಿ. ಹಿಂದಿನ ದಿನ ಹಂದರದ ಕಂಬ ಇಳಿಸಿ ಹಿತ್ತಲ ಬಾಗಿಲಿನಿಂದ ಗಾಡಿ ಹೊರಡಿಸಿದವನು ನಜೀರಸಾಬ. ಕಳ್ಳನೆಂಬ ಹೆಸರು ಬಿದ್ದರೆ ಇನ್ನು ಯಾವ ಮದುವೆ ಮನೆಯೂ ಅವನನ್ನು ಕರೆಯುವುದಿಲ್ಲ.

ಗೆಳತಿಯರಿಬ್ಬರೂ ಹೊಂಬಳ ಮುಟ್ಟಿದಾಗ ಲಕ್ಷ್ಮಪ್ಪ ಬಾಗಿಲಲ್ಲೇ ಇದ್ದ. “ನಿನ್ನೆ ಮುಂಜಾನೆ ಒಳ್ಳು ಅಲ್ಲೇ ಇತ್ರಿ. ಅದರ ಮ್ಯಾಲೆ ಕುಂತ ಹಲ್ಲು ತಿಕ್ಕೇನಿ.”

“ನಮ್ಮತ್ತಿ ಕುಟ್ಟಿದ ಒಳ್ಳು ಅದು,” ಎಂದಳು ಅವನ ತಾಯಿ ಸಾವಂತ್ರೆವ್ವ. “ಮಿಕ್ಸರ್‌ನ್ಯಾಗ ತಿರುವಿ ಹಚ್ಚಾಕ ನನ್ನ ಮೊಮ್ಮಗಳ ಲಗ್ನ ಏನು ಶೇಂಗಾ ಚಟ್ನಿಯೇನು?”

“ನೀವು ಹಿತ್ತಲಕ್ಕ ಹೋಗಿ ಎಷ್ಟು ದಿನ ಆತಬೇ?” ಕಾಂಚನಾ ಕೇಳಿದಳು.

“ಮಳಿ ಹಿಡದಾಗಿಂದ ಹೋಗಿಲ್ಲವಾ. ಜಾರತೈತಿ. ಮೊಣಕಾಲು ಮಾತು ಕೇಳೂದಿಲ್ಲ.”

ಅಂಗಳದಲ್ಲಿ ಹೊಸ ಗುಲಾಬಿ ಕುಂಡಗಳು ಸಾಲಾಗಿದ್ದವು. “ಚಂದ ಅದಾವು. ಯಾವಾಗ ತಂದ್ರಿ?” ಎಂದಳು ಕಾಂಚನಾ.

“ಮಳಿಗಾಲದ ಸುರುವಿಗೆ, ಗದಗಿನ ನರ್ಸರಿಯಿಂದ,” ಎಂದ ಲಕ್ಷ್ಮಪ್ಪ.

“ಏನು ಕೊಟ್ಟು ತಂದ್ರಿ?”

ಲಕ್ಷ್ಮಪ್ಪನಿಗೆ ಚಹಾ ತರಿಸುವ ನೆನಪಾಯಿತು.

ಹಿತ್ತಲಲ್ಲಿ ನೀರಿನ ತೊಟ್ಟಿಯ ಗೋಡೆಗೆ ಹಾವಸೆ ಹಬ್ಬಿತ್ತು. ತೊಟ್ಟಿ ತಿಕ್ಕಿದ ನೀರು ಇಳಿದು ಕುಣಿಯತ್ತ ಹರಿಯುತ್ತಿತ್ತು. ಕುಣಿಯ ತಳವೂ ಹಸಿರು. ಕಾಂಚನಾ ಉಗುರಿನಿಂದ ಎತ್ತಿದಳು. ತುಣುಕು ಚಾಪೆಯಂತೆ ಎದ್ದು ಬಂತು. ದುರ್ಗಾ ಭೂತಗನ್ನಡಿ ಹಿಡಿದು ನೋಡಿ, ನಕ್ಕಳು. “ಎಲ್ಲಾರನೂ ಹಂದರದಾಗ ಕೂಡಸು.”

ಜನ ಸೇರಿದರು. ನಜೀರಸಾಬ ತಲೆ ತಗ್ಗಿಸಿ ಕಂಬಕ್ಕೆ ಒರಗಿದ್ದ.

“ಈ ಹಾವಸಿಗೆ ಬೇರಿಲ್ಲ,” ಎಂದು ದುರ್ಗಾ ತುಣುಕನ್ನು ಎತ್ತಿ ಹಿಡಿದಳು. “ಕೆಳಗ ಕೂದಲಿನಂಥ ಎಳಿ, ನೆಲ ಹಿಡಕೊಳ್ಳಾಕ. ಮ್ಯಾಲೆ ಪುಟ್ಟ ಕಾಂಡ, ಸುತ್ತ ಎಲಿ. ಬೀಜ ಬೇಕಾಗಿಲ್ಲ. ತೊಟ್ಟಿ ತಿಕ್ಕಿದಾಗ ಹರಿದ ಚೂರು ನೀರಿನಾಗ ಇಲ್ಲಿಗೆ ಬಂದಾವು. ಪ್ರತಿ ಚೂರೂ ಮೊದಲು ಹಸಿರು ದಾರ ಬಿಡತೈತಿ. ಆ ದಾರದ ಮ್ಯಾಲೆ ಮೊಗ್ಗು, ಮೊಗ್ಗಿನಿಂದ ಹೊಸ ಗಿಡ. ಕುಣಿಯೊಳಗ ಎಲಿ ಬಿಟ್ಟ ಗಿಡ ನಿಂತಾವು. ಅದಕ್ಕ ವಾರಗಟ್ಟಲೆ ಬೇಕು, ಬೆಳಕೂ ಬೇಕು. ಒಳ್ಳಿನ ಬುಡಕ್ಕ ಬೆಳಕು ಎಲ್ಲಿಂದ ಬರಬೇಕು? ಅಂದ್ರ ಕಲ್ಲು ಹೋಗಿದ್ದು ನಿನ್ನೆ ಅಲ್ಲ, ಮಳಿಗಾಲದ ಸುರುವಿಗೆ. ಆಗ ನಜೀರಸಾಬ ಈ ಮನಿ ಹೊಸ್ತಿಲ ಸುದ್ದಾ ತುಳಿದಿರಲಿಲ್ಲ.”

“ಮತ್ತ ಯಾರು?” ಎಂದಳು ಸಾವಂತ್ರೆವ್ವ.

“ಇಲ್ಲದ ಕಲ್ಲಿನ ಮ್ಯಾಲೆ ಕುಂತು ನಿನ್ನೆ ಹಲ್ಲು ತಿಕ್ಕಿದವರು. ಕಲ್ಲು ಹೋದ ಹೊತ್ತಿಗೇ ಅಂಗಳಕ್ಕ ಕುಂಡ ಬಂದಾವು. ಏನು ಕೊಟ್ಟು ತಂದ್ರಿ ಅಂದ್ರ ಚಹಾಕ್ಕ ಓಡಿದರು.”

ಎಲ್ಲರ ಕಣ್ಣೂ ಲಕ್ಷ್ಮಪ್ಪನ ಕಡೆ ತಿರುಗಿದವು.

“ಹಳೇ ಒಳ್ಳಿಗೆ ಗುಲಾಬಿ ಕೊಡತೀನಿ ಅಂದ ನರ್ಸರಿಯಾಂವ,” ಎಂದು ಅವನು ತೊದಲಿದ. “ಮಳಿಯಾಗ ಹಿತ್ತಲಕ್ಕ ನಾ ಬಿಟ್ರ ಯಾರೂ ಹೋಗೂದಿಲ್ಲ, ಮಿಕ್ಸರೂ ಐತಲ್ಲ ಅಂತ ಕೊಟ್ಟೆ. ನೀ ಇವತ್ತ ಅದನ್ನ ಕೇಳಿದಿ ಬೇ, ನಿನ್ನ ಮಾರಿ ನೋಡಿ ಬಾಯಿಗೆ ಬಂದದ್ದು ಅಂದುಬಿಟ್ಟೆ.”

“ಮಗಳ ಲಗ್ನ ಮಾಡೂ ಗಂಡಸು, ಇನ್ನೂ ಅವ್ವಗ ಅಂಜತಾನ,” ಎಂದಳು ಮಮತಾ. ಹಂದರವೇ ನಕ್ಕಿತು.

“ಅಂಜಿದ್ದಕ್ಕ ಇನ್ನೊಬ್ಬನ ಹೆಸರು ತಗೀತಿಯೇನಲೇ?” ಸಾವಂತ್ರೆವ್ವ ನಗಲಿಲ್ಲ. ಲಕ್ಷ್ಮಪ್ಪ ಎಲ್ಲರೆದುರು ನಜೀರಸಾಬನ ಕೈ ಹಿಡಿದು ತಪ್ಪಾಯಿತೆಂದ. ಇಬ್ಬರೂ ಗದಗಿಗೆ ಹೋಗಿ, ತಾವರೆ ಬೆಳೆಸಲು ನೀರು ತುಂಬಿಟ್ಟಿದ್ದ ಒಳಕಲ್ಲನ್ನು ಬರಿದು ಮಾಡಿ, ಸಂಜೆಯೊಳಗೆ ಗಾಡಿಯಲ್ಲಿ ಹೇರಿ ತಂದರು.

ಮುತ್ತೈದೆಯರು ಒನಕೆಗೆ ಕೈ ಹಾಕಿದಾಗ ಮುದುಕಿ ತಡೆದಳು. “ತಡೀರಿ. ಮೊದಲನೇ ಕೊಂಬು ನಜೀರಪ್ಪ ಹಾಕಲಿ. ಊರೆಲ್ಲಾ ನೋಡಲಿ.”

ನಜೀರಸಾಬ ಕೈ ಒರೆಸಿಕೊಂಡು ಅರಿಷಿಣದ ಕೊಂಬನ್ನು ಕಲ್ಲಿಗೆ ಹಾಕಿದ. ಒನಕೆ ಬಿತ್ತು, ಹಾಡು ಎದ್ದಿತು. ಹಂದರದ ಇನ್ನೊಂದು ತುದಿಯಲ್ಲಿ ಹುಲಕೋಟಿಯಿಂದ ಬಂದ ಬೀಗರೊಬ್ಬರು, ತಮ್ಮ ಮಗನ ಮದುವೆಗೆ ಹಂದರ ಹಾಕಲು ಯಾವ ದಿನ ಬಿಡುವಿದೆಯೆಂದು ನಜೀರಸಾಬನನ್ನು ಕೇಳಲು ಕಾದಿದ್ದರು.