ಯಾರೂ ಮುಟ್ಟದ ಮರಿಗಳು

ನೀವು ನಕ್ಕರೂ ಪರವಾಗಿಲ್ಲ, ನಡೆದದ್ದನ್ನೇ ಹೇಳುತ್ತೇನೆ. ನಮ್ಮ ಸೋದರತ್ತೆ ಮನೆಯಲ್ಲಿ ಬಿಳಿ ಇಲಿ ಸಾಕುತ್ತಿದ್ದರು. ಅವರ ಕೈಗುಣ ಇನ್ನೊಬ್ಬರಿಗೆ ಬರುವಂಥದ್ದಲ್ಲ. ನಾಲಿಗೆ ಲೊಟಕ್ ಅನ್ನಿಸಿ ಗೂಡಿಗೆ ಕೈ ಹಾಕಿದರೆ ಸಾಕು, ಬಾಣಂತಿ ಇಲಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು ಅವರ ಅಂಗೈಯಲ್ಲಿಟ್ಟು, ತಾನು ಊಟಕ್ಕೆ ಹೋಗುತ್ತಿತ್ತು.

"ಎಳೇದರಲ್ಲೇ ಮನುಷ್ಯರ ಕೈಬಿಸಿ ತಾಗಬೇಕು ಕಣೋ. ಇಲ್ಲದಿದ್ರೆ ಬೆಳೆದ ಮೇಲೆ ಕಚ್ಚುತ್ತೆ" ಅನ್ನುತ್ತಿದ್ದರು.

ಅತ್ತೆ ತೀರಿಕೊಂಡ ಮೇಲೆ ಗೂಡು ನನ್ನ ತಲೆಗೆ ಬಂತು. ನನಗೋ ಇಲಿ ಅಂದರೆ ಮೈ ಜುಮ್ಮೆನ್ನುತ್ತೆ. ಕಾಳು, ನೀರು ಎಲ್ಲ ಸರಳಿನ ಸಂದಿಯಿಂದಲೇ. ಅಷ್ಟರಲ್ಲಿ ಒಂದು ಇಲಿ ಮರಿ ಹಾಕಿತು. ಒಂದು ಮಧ್ಯಾಹ್ನ ಲೊಟಕ್ ಅಂತ ಸದ್ದಾಯಿತು. ಹೋಗಿ ನೋಡಿದರೆ ತಾಯಿ ಇಲಿ ಮರಿಗಳನ್ನೆಲ್ಲ ಗೂಡಿನ ಬಾಗಿಲ ಹತ್ತಿರ ತಂದಿಟ್ಟು, ನಿಶ್ಚಿಂತೆಯಿಂದ ಕಾಳು ತಿನ್ನುತ್ತಿತ್ತು. ಮರಿಗಳ ಕೆಳಗಿನ ಹುಲ್ಲು ಅಂಗೈಯಗಲ ತಗ್ಗಾಗಿತ್ತು. ಆ ತಗ್ಗಿನ ಪಕ್ಕದ ಸರಳನ್ನು ಮುಟ್ಟಿ ನೋಡಿದೆ. ಅಲ್ಲಿ ಮಾತ್ರ ಬೆಚ್ಚಗಿತ್ತು.

ಮರಿಗಳು ಬೆಳೆದ ಮೇಲೆ ಕೊಳ್ಳಲು ಬಂದ ಟೀಚರೊಬ್ಬರು ನೇರ ಗೂಡಿಗೆ ಕೈ ಹಾಕಿದರು. ಕಚ್ಚುತ್ತೆ ಅನ್ನುವಷ್ಟರಲ್ಲಿ ಮರಿಗಳೆಲ್ಲ ಅವರ ಅಂಗೈ ಏರಿ ಮುದುರಿಕೊಂಡು ಮಲಗಿದವು.

"ಎಷ್ಟು ಚೆನ್ನಾಗಿ ಕೈಗೆ ರೂಢಿ ಮಾಡಿದ್ದೀರಿ" ಅಂದರು.

ಮನೆಯಲ್ಲಿ ಇರೋದು ನಾನೊಬ್ಬನೇ. ಆ ಮರಿಗಳನ್ನು ನಾನು ಒಂದು ಸಲವೂ ಮುಟ್ಟಿರಲಿಲ್ಲ.