ಮೂವತ್ತೇಳು ಡಿಗ್ರಿ

ನಾನು ಓದಿದ್ದು ಬಿ.ಎಸ್ಸಿ., ಮಾಡುವುದು ಫ್ಲೆಕ್ಸ್ ಪ್ರಿಂಟರ್ ರಿಪೇರಿ. ಕಂಡಷ್ಟನ್ನೇ ಹೇಳುತ್ತೇನೆ.

ಮೇ ತಿಂಗಳ ಮಧ್ಯಾಹ್ನ, ಶಹಾಪುರದಲ್ಲಿ ಮೌನೇಶ್ವರಿ ಅಕ್ಕನ ಫ್ಲೆಕ್ಸ್ ಅಂಗಡಿ. ದೋರನಹಳ್ಳಿಯ ಬಸಲಿಂಗ ತನ್ನ ಅಪ್ಪನ ಶ್ರದ್ಧಾಂಜಲಿ ಬ್ಯಾನರಿಗೆ ಕಾಯುತ್ತಿದ್ದ. ಹಣೆ, ಕಣ್ಣು ಮೂಡಿದ ಮೇಲೆ ಪ್ರಿಂಟರ್ ನಿಂತುಬಿಟ್ಟಿತ್ತು.

ಶಾಯಿ ಚಿಮ್ಮುವ ಹೆಡ್ಡನ್ನು ನಡೆಸುವ ಬೋರ್ಡ್ ಬಿಚ್ಚಿ ಮೇಜಿನ ಮೇಲಿಟ್ಟೆ. ಅದಕ್ಕೀಗ ಒಂದು ವೈರೂ ಇರಲಿಲ್ಲ. ಆದರೂ ಕಂಪ್ಯೂಟರಿನಲ್ಲಿ ಹೆಡ್ಡಿನ ಉಷ್ಣತೆ ಕಾಣುತ್ತಲೇ ಇತ್ತು: ಮೂವತ್ತೇಳು ಡಿಗ್ರಿ. ಕೋಣೆಯಲ್ಲೇ ನಲವತ್ತೆರಡಿತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಮೂವತ್ತೇಳು. ಬೋರ್ಡ್ ಮುಟ್ಟಿದೆ, ಬೆವರಿದ ಅಂಗೈಯಂತೆ ಒದ್ದೆಯಾಗಿತ್ತು.

“ಅಪ್ಪ ಯಾವಾಗ ತೀರಿಕೊಂಡ್ರು?” ಎಂದೆ.

ಬಸಲಿಂಗ ತಲೆ ತಗ್ಗಿಸಿದ. “ಇನ್ನಾ ಉಸುರ ಐತ್ರಿ. ಡಾಕ್ಟರ್ ಕೈಬಿಟ್ಟಾರ. ನಾಳಿ ಅಂಗಡಿ ಬಂದ್ ಅಂದ್ರು, ಅದಕ್ಕ ಇವತ್ತ ಹೊಡಸಾಕ ಬಂದ್ನಿ.”

“ಜೀವ ಇದ್ದಾಗನ ಶ್ರದ್ಧಾಂಜಲಿ ಹೊಡಸ್ತಿಯೇನೋ, ಖೋಡಿ!” ಅಕ್ಕ ಎದ್ದೇಬಿಟ್ಟಳು. “ಬಾಯಾಗ ನೀರು ಬಿಡೋ ಮಗ ಇಲ್ಲಿ ಕುಂತಾನ! ಓಡು ಮನಿಗಿ!”

ಅವನು ಗಾಬರಿಯಿಂದ ಬೈಕಿನ ಕೀಲಿ ಹುಡುಕತೊಡಗಿದ. ಆಗ ಪರದೆಯ ಅಂಕಿ ಅಲುಗಾಡಿತು. ಮೂವತ್ತೆಂಟು. ನಲವತ್ತು. ನಲವತ್ತೆರಡಕ್ಕೆ ಬಂದು, ಕೋಣೆಯಷ್ಟೇ ಆಗಿ ನಿಂತಿತು. ಮೇಜಿನ ಮೇಲಿದ್ದ ಬೋರ್ಡ್ ಒಣಗಿತ್ತು.

ಬಸಲಿಂಗನ ಫೋನು ಹೊಡೆದುಕೊಂಡಿತು. ಅವನು ಎತ್ತಲಿಲ್ಲ, ಕಂಪ್ಯೂಟರಿನ ಪರದೆಯನ್ನೇ ನೋಡುತ್ತ ಗೋಡೆಗೆ ಒರಗಿ ಕುಳಿತ.

ಮರುದಿನ, ಮನೆಗೆ ತಂದಿದ್ದ ಆ ಬೋರ್ಡನ್ನು ಭೂತಗನ್ನಡಿ ಹಿಡಿದು ನೋಡಿದೆ. ಉಷ್ಣತೆ ಅಳೆಯುವ ಬಿಡಿಭಾಗದ ಜಾಗ ಖಾಲಿ ಇತ್ತು. ಅಲ್ಲಿ ಯಾವತ್ತೂ ಏನನ್ನೂ ಕೂಡಿಸಿದ ಗುರುತೇ ಇರಲಿಲ್ಲ.