ಅದಲುಬದಲಾದ ಬೋಲ್ಟ್

ಸ್ವೀಡನ್ನಿನ ಸೈನ್ಯ ಕೈಬಿಟ್ಟ ಹಳೆಯ ಮೌಸರ್ ರೈಫಲ್ ಒಂದಕ್ಕೆ ಮೂರು ಸಾವಿರ ಕ್ರೋನ. ಕಾನೂನಿನ ಪ್ರಕಾರ ಅದನ್ನಿಡಬೇಕಾದ ಉಕ್ಕಿನ ಬೀರುವಿಗೆ ಆರು ಸಾವಿರ. ಒಂದು ಪೆಟ್ಟಿಗೆ ಗುಂಡಿಗೆ ಮುನ್ನೂರು. ಬೀರುವಿನ ಕೀಲಿ ಬಚ್ಚಿಡುವ ಕಾಫಿ ಡಬ್ಬಿಗೆ ಎಪ್ಪತ್ತು, ಅದೂ ಕಾಫಿ ಸೇರಿ. ತಾಲ್‌ವಿಕ್ ಊರಿನ ಆಲ್ವಾರ್ ನೂರ್ಲಿಂಗ್ ಮೊದಲ ಮೂರಕ್ಕೆ ಧಾರಾಳವಾಗಿ ಹಣ ಸುರಿದು ನಾಲ್ಕನೆಯದರಲ್ಲಿ ಸಿಕ್ಕಿಬಿದ್ದ.

ಜೂನ್ ತಿಂಗಳ ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಆಲ್ವಾರ್ ಠಾಣೆಗೆ ಬಂದ. ಮರುದಿನ ಮಧ್ಯಬೇಸಿಗೆಯ ಹಬ್ಬ. ಠಾಣೆಯಲ್ಲಿ ಇದ್ದವರು ಇಬ್ಬರೇ: ಇನ್‌ಸ್ಪೆಕ್ಟರ್ ಸೀವ್ ಓಕರ್‌ಬ್ಲೂಮ್ ಮತ್ತು ಕಾನ್‌ಸ್ಟೇಬಲ್ ತಾಗೆ. ಉಳಿದವರೆಲ್ಲ ರಜೆ ಹಾಕಿ ಕೆರೆಯಂಚಿನ ಮನೆಗಳಿಗೆ ಹೋಗಿದ್ದರು. ಸೀವ್ ಕೂಡ ಮಧ್ಯಾಹ್ನ ಹೊರಡುವವಳಿದ್ದಳು. ಹೊಸ ಆಲೂಗಡ್ಡೆಯ ಚೀಲ ಅವಳ ಮೇಜಿನ ಕೆಳಗಿತ್ತು.

ಆಲ್ವಾರನಿಗೆ ಎಪ್ಪತ್ತಾರು. ತಾಲ್‌ವಿಕ್ ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷ. ಅವನು ಎಣ್ಣೆಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿದ. ರೈಫಲ್ಲಿನ ಬೋಲ್ಟ್, ಗುಂಡಿನ ಹಿಂದೆ ಬಾಗಿಲಿನ ಅಗುಳಿಯಂತೆ ಕೂರುವ, ಹಿಡಿಕೆಯಿರುವ ಉಕ್ಕಿನ ದಿಂಡು.

"ಇದು ಕಳವಾಗಿದೆ," ಅಂದ.

ತಾಗೆ ಬೋಲ್ಟ್ ನೋಡಿದ, ಆಲ್ವಾರನನ್ನು ನೋಡಿದ. "ಇಲ್ಲೇ ಇದೆಯಲ್ಲೋ ಮಾರಾಯ."

"ಇದಲ್ಲ ಕಣೋ! ನನ್ನದು ಹೋಗಿದೆ. ಅದರ ಜಾಗದಲ್ಲಿ ಇದನ್ನ ಇಟ್ಟಿದಾರೆ."

"ಕಳ್ಳ ಒಂದು ತಗೊಂಡು ಒಂದು ಕೊಟ್ಟು ಹೋದನಾ?"

"ನಗಬೇಡ. ಐವತ್ತು ವರ್ಷ ಹಿಡಿದ ಹಿಡಿಕೆ. ಕಣ್ಣಲ್ಲಿ ಪೊರೆ ಬಂದಿರಬಹುದು, ಕೈಗೆ ಬಂದಿಲ್ಲ. ನಿನ್ನೆ ಸಂಜೆ ಒರೆಸೋಕೆ ತೆಗೆದೆ, ಮುಟ್ಟಿದ ಕೂಡಲೇ ಗೊತ್ತಾಯ್ತು. ನನ್ನದರ ಹಿಡಿಕೆ ಮೇಲೆ ಒಂದು ಗೀರಿತ್ತು. ಇದು ಮಗುವಿನ ಕೆನ್ನೆ ಥರ ನುಣ್ಣಗಿದೆ."

ಬೋಲ್ಟ್‌ಗೂ ಲೈಸೆನ್ಸ್ ಬೇಕು. ಆದ್ದರಿಂದ ಇದು ಶಸ್ತ್ರ ಕಾಯ್ದೆಯ ಅಪರಾಧ. ಸೀವ್ ಆಲೂಗಡ್ಡೆಯ ಚೀಲವನ್ನು ಕಾಲಿನಿಂದ ಒಳಗೆ ತಳ್ಳಿ ಎಫ್.ಐ.ಆರ್. ತೆರೆದಳು.

"ಹೋದ ಬೋಲ್ಟ್ ಮೇಲಿನ ನಂಬರ್?"

"ಇನ್ನೂರ ಹತ್ತೊಂಬತ್ತು."

"ರೈಫಲ್ ನಂಬರಿನ ಕೊನೆಯ ಮೂರು ಅಂಕಿ?"

"ಐನೂರ ಎಂಬತ್ತಮೂರು. ಎರಡೂ ಒಂದೇ ಅಲ್ಲ ಅಂತ ಗೊತ್ತು. ಸೈನ್ಯದಿಂದ ಹಾಗೇ ಬಂದಿರಬೇಕು. ಎಷ್ಟೋ ಬಂದೂಕು ಹಾಗೇ ಬಂದಿವೆ."

"ಈ ಹೊಸ ಬೋಲ್ಟ್ ನಂಬರ್?"

"ನನ್ನ ಕಣ್ಣಿಗೆ ಅಷ್ಟು ಸಣ್ಣದು ಕಾಣಲ್ಲ."

ತಾಗೆ ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಓದಿದ. ಇನ್ನೊಮ್ಮೆ ಓದಿದ.

"ಸೀವ್, ಇದರ ಮೇಲೂ ಐನೂರ ಎಂಬತ್ತಮೂರು."

ರೈಫಲ್ ನಂಬರಿನ ಕೊನೆಯ ಮೂರು ಅಂಕಿಯನ್ನೇ ಅದರ ಬೋಲ್ಟ್ ಮೇಲೂ ಕೆತ್ತುವುದು ವಾಡಿಕೆ. ನೂರಹದಿನೈದು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಆಲ್ವಾರನ ರೈಫಲ್ಲಿಗೆಂದೇ ಮಾಡಿದ ಬೋಲ್ಟ್ ಅದು. ಕಳ್ಳ ತನ್ನ ಬಳಿಯಿದ್ದ ಸರಿಯಾದದ್ದನ್ನು ಇಟ್ಟು, ತಪ್ಪಾದದ್ದನ್ನು ಒಯ್ದಿದ್ದ.

"ಹಾಗಾದ್ರೆ," ಸೀವ್ ನಿಧಾನವಾಗಿ ಅಂದಳು, "ಇನ್ನೂರ ಹತ್ತೊಂಬತ್ತರಲ್ಲಿ ಮುಗಿಯೋ ರೈಫಲ್ ಯಾರ ಹತ್ತಿರ ಇದೆಯೋ ಅವರೇ."

ತಾಗೆ ಲೈಸೆನ್ಸ್ ಕಚೇರಿಗೆ ಫೋನ್ ಮಾಡಿದ. ಹಬ್ಬದ ಶುಭಾಶಯ ಹೇಳಿ ಆಗಸ್ಟಿನಲ್ಲಿ ಕರೆ ಮಾಡಿ ಎಂದು ಯಂತ್ರ ಉತ್ತರಿಸಿತು.

"ಆಗಸ್ಟ್ ತನಕ ಆಗಲ್ಲ!" ಆಲ್ವಾರ್ ಎದ್ದು ನಿಂತ. "ಶನಿವಾರ ಪಂದ್ಯ ಇದೆ. ಪಕ್ಕದೂರು ಬೆರ್ಗ್‌ಬಿಯವರ ಜೊತೆ. ಕಪ್ಪನ್ನ ಮೂರು ಸಲ ಗೆದ್ದವರಿಗೆ ಅದು ಖಾಯಂ. ನಾನು ಎರಡು ಸಲ ಗೆದ್ದಿದೀನಿ. ಇದಾದ ಮೇಲೆ ಕಣ್ಣಿನ ಆಪರೇಷನ್, ಆಮೇಲೆ ಬಂದೂಕನ್ನ ಗೋಥೆನ್‌ಬರ್ಗಿನ ಒಬ್ಬನಿಗೆ ಮಾರೋದು ಅಂತ ಮಾತಾಗಿದೆ. ನನಗೆ ಇದೇ ಕೊನೇ ಸಲ."

"ಬೀರು ಒಡೆದಿದ್ರಾ?"

"ಇಲ್ಲ."

"ಕೀಲಿ ಎಲ್ಲಿತ್ತು?"

"ಅದರ ಜಾಗದಲ್ಲಿ."

"ಅದರ ಜಾಗ ಎಲ್ಲಿ?"

ಆಲ್ವಾರ್ ಕಿಟಕಿಯಾಚೆ ನೋಡಿದ. "ಅಡುಗೆಮನೇಲಿ."

"ಅಡುಗೆಮನೇಲಿ ಎಲ್ಲಿ?"

"ಸೀವ್, ನಿನ್ನ ತಾಯಿಗೆ ಸೈಕಲ್ ಕಲಿಸಿದವನು ನಾನು."

"ಆಲ್ವಾರ್, ಎಲ್ಲಿ?"

"ಕಾಫಿ ಡಬ್ಬೀಲಿ. ಎರಡನೇದರಲ್ಲಿ."

ಸೀವ್ ಬರೆದುಕೊಂಡಳು. ಬಂದೂಕಿನ ಕೀಲಿಯನ್ನು ಅಂಥ ಕಡೆ ಇಟ್ಟರೆ ಲೈಸೆನ್ಸೇ ಹೋಗಬಹುದು. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ದೂರು ಕೊಡಲು ಬಂದಿದ್ದನಲ್ಲ, ಅದನ್ನೂ ಅವಳು ಮನಸ್ಸಿನಲ್ಲಿ ಗುರುತು ಹಾಕಿಕೊಂಡಳು.

ಹನ್ನೊಂದು ಗಂಟೆಗೆ ಆಲ್ವಾರನ ಮನೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀರುವಿಗೆ ಗಾಯವಿಲ್ಲ, ಬಾಗಿಲು ಮುರಿದಿಲ್ಲ. ಸ್ಟೋವಿನ ಮೇಲಿನ ಹಲಗೆಯಲ್ಲಿ ಎರಡು ಕಾಫಿ ಡಬ್ಬಿ. ಒಂದರಲ್ಲಿ ಕಾಫಿ, ಒಂದರಲ್ಲಿ ಕಾಫಿಯ ಕೆಳಗೆ ಕೀಲಿ.

"ಈ ವಾರ ಮನೆಗೆ ಯಾರು ಬಂದಿದ್ರು?"

"ಮಂಗಳವಾರ ಪಂದ್ಯದ ಸಮಿತಿ. ನಾನು, ಬಂದೂಕು ರಿಪೇರಿ ಟೂರ್ಡ್, ಬೆರ್ಗ್‌ಬಿಯಿಂದ ಮೂವರು."

"ಕಾಫಿ ಮಾಡಿದ್ಯಾರು?"

"ಡಾಗ್ನಿ. ಬೆರ್ಗ್‌ಬಿಯ ಡಾಗ್ನಿ ಸೆಲ್‌ಸ್ಟ್ರೋಮ್. ದಾಲ್ಚಿನ್ನಿ ಬನ್ನು ತಂದಿದ್ಲು. ಎರಡನೇ ಸಲ ಕಾಫಿ ಇಡೋವಾಗ ಡಬ್ಬಿ ಖಾಲಿ ಅಂದ್ಲು. ನಾನು ಹೊರಗಡೆಯಿಂದ ಕೂಗಿದೆ, ಪಕ್ಕದಲ್ಲಿ ಇನ್ನೊಂದಿದೆ ನೋಡು ಅಂತ..." ಆಲ್ವಾರ್ ಕೀಲಿಯಿದ್ದ ಡಬ್ಬಿಯತ್ತ ನೋಡಿದ.

"ನೀವೆಲ್ಲ ಹೊರಗಡೆ ಯಾಕಿದ್ರಿ?"

"ದೋಣಿಗೆ ಹೊಸ ಇಂಜಿನ್ ಹಾಕ್ಸಿದೀನಿ. ಎಲ್ಲರಿಗೂ ತೋರಿಸ್ತಾ ಇದ್ದೆ."

"ಎಷ್ಟು ಹೊತ್ತು?"

"ಒಳ್ಳೇ ಇಂಜಿನ್ ಕಣೇ ಅದು," ಅಂದ ಆಲ್ವಾರ್.

ತಾಗೆ ಕೆಮ್ಮುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ನಕ್ಕು ಬಂದ.

ಆಲ್ವಾರ್ ಮಾತ್ರ ತಲೆಯಾಡಿಸುತ್ತಲೇ ಇದ್ದ. "ಡಾಗ್ನಿ ಆಗಿರೋಕೆ ಸಾಧ್ಯಾನೇ ಇಲ್ಲ. ಅವಳು ಬಸ್ಸಿನಲ್ಲಿ ಖಾಲಿ ಸೀಟಿದ್ರೂ, ಪಕ್ಕದವರಿಗೆ ತೊಂದರೆ ಆಗುತ್ತೆ ಅಂತ ನಿಂತು ಬರೋಳು."

ಕಾಫಿ ಮಾಡಿದ್ದು ಸಾಕ್ಷಿಯಾಗುವುದಿಲ್ಲ. ಡಾಗ್ನಿ ಹಬ್ಬಕ್ಕೆಂದು ತಂಗಿಯ ಮನೆಗೆ, ದ್ವೀಪಕ್ಕೆ ಹೋಗಿದ್ದಳು, ಫೋನ್ ಎತ್ತಲಿಲ್ಲ. ಸೀವ್‌ಗೆ ಅವಸರವಿರಲಿಲ್ಲ. ಶೂಟಿಂಗಿನವರ ಒಂದು ಪದ್ಧತಿ ಅವಳಿಗೆ ನೆನಪಿತ್ತು. ಪಂದ್ಯಕ್ಕೆ ಮುಂಚೆ ಎಲ್ಲ ಬಂದೂಕುಗಳನ್ನೂ ಮೇಜಿನ ಮೇಲೆ ಸಾಲಾಗಿ ಮಲಗಿಸುತ್ತಾರೆ, ಬೋಲ್ಟ್ ಕಳಚಿ ಪಕ್ಕದಲ್ಲಿಡುತ್ತಾರೆ. ಟೂರ್ಡ್ ಅಳತೆಯ ಗೇಜು ಹಿಡಿದು ಒಂದೊಂದನ್ನೂ ಪರೀಕ್ಷಿಸುತ್ತಾನೆ.

"ಕದ್ದ ಮಾಲನ್ನ ಯಾರಾದ್ರೂ ಅಲ್ಲಿ ತಂದು ಇಡ್ತಾರಾ?" ತಾಗೆ ಕೇಳಿದ.

"ಮಾರೋಕೆ ಕದ್ದವರು ಇಡಲ್ಲ," ಅಂದಳು ಸೀವ್. "ಇದು ಮಾರೋಕೆ ಕದ್ದದ್ದಲ್ಲ."

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಮೈದಾನದ ತುದಿಯಲ್ಲಿ ಬರ್ಚ್ ಎಲೆ, ಹೂವು ಸುತ್ತಿದ ಹಬ್ಬದ ಕಂಬ ಹಿಂದಿನ ದಿನದ ಕುಣಿತಕ್ಕೆ ಸ್ವಲ್ಪ ವಾಲಿ ನಿಂತಿತ್ತು. ಎರಡೂ ಊರಿನವರು ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತಿದ್ದರು. ಹೆರಿಂಗ್ ಮೀನಿನ ಉಪ್ಪಿನಕಾಯಿ, ಸಬ್ಬಸಿಗೆ ಹಾಕಿ ಬೇಯಿಸಿದ ಆಲೂಗಡ್ಡೆ, ಸ್ಟ್ರಾಬೆರಿ ಕೇಕು ಆಗಲೇ ಹೊರಬಂದಿದ್ದವು. ಮೇಜುಗಳ ಮೇಲೆ ಹಳೆಯ ರೈಫಲ್ಲುಗಳು ಎಣ್ಣೆ ಕುಡಿದ ಮರದ ಹೊಳಪಿನಲ್ಲಿ ಮಲಗಿದ್ದವು.

ಸೀವ್ ಒಂದು ತುದಿಯಿಂದ ನೋಡುತ್ತ ಹೊರಟಳು. ತಾಗೆ ಕೈಯಲ್ಲಿ ಯಾರೋ ಕೊಟ್ಟ ಕೇಕಿನ ತಟ್ಟೆ. ಮೂರನೆಯ ಮೇಜಿನ ಬಳಿ ಅವಳು ನಿಂತಳು. ರೈಫಲ್ಲಿನ ನಂಬರು ಇನ್ನೂರ ಹತ್ತೊಂಬತ್ತರಲ್ಲಿ ಮುಗಿಯುತ್ತಿತ್ತು. ಬೋಲ್ಟ್ ಮೇಲೂ ಇನ್ನೂರ ಹತ್ತೊಂಬತ್ತು. ಹಿಡಿಕೆಯ ಮೇಲೆ ಒಂದು ಗೀರು.

ಮೇಜಿನ ಹಿಂದೆ ಅರವತ್ತೆಂಟರ ಹೆಂಗಸು ನಿಂತಿದ್ದಳು, ತಲೆಯ ಮೇಲೆ ಹಬ್ಬದ ಹೂವಿನ ಸಿಂಬಿ.

"ಇದು ಯಾರದು?"

"ನನ್ನದು," ಅಂದಳು ಡಾಗ್ನಿ.

"ಬೋಲ್ಟ್?"

"ಅದರದ್ದೇ."

"ಸೋಮವಾರ ಎಲ್ಲಿತ್ತು?"

"ಆಲ್ವಾರನ ಬೀರುವಿನಲ್ಲಿ." ಡಾಗ್ನಿ ಹೂವಿನ ಸಿಂಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಈಗಲೇ ಕರ್ಕೊಂಡು ಹೋಗ್ತೀಯಾ? ಹಾಗಾದ್ರೆ ಸದ್ದಿಲ್ಲದೆ ಹೋಗೋಣ. ಜನ ತಿಂಡಿ ತಿಂತಾ ಇದಾರೆ."

"ತಂದು ಎಲ್ಲರೆದುರು ಇಟ್ಟಿದೀಯಲ್ಲ. ಮುಚ್ಚಿಡಬೇಕು ಅನ್ನಿಸ್ಲಿಲ್ವಾ?"

"ಒಂದು ಸಲ ಹೊಡೀಬೇಕಿತ್ತು. ಎರಡೂ ಒಟ್ಟಿಗೆ ಇರೋವಾಗ. ಒಂದೇ ಸಲ."

ಆಲ್ವಾರ್ ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ. ಅವನ ಮುಖ ಕೆಂಪಾಗಿತ್ತು, ಬಾಯಿ ತೆರೆದೇ ಇತ್ತು. ಸೀವ್ ಹೋಲಿಸಿ ನೋಡಲು ಠಾಣೆಯಿಂದ ತಂದಿದ್ದ ಬೋಲ್ಟನ್ನು ಆಲ್ವಾರನ ಬಂದೂಕಿಗೆ ಹಾಕಿ, ಟೂರ್ಡ್ ಗೇಜು ಹಿಡಿದು ಎರಡೂ ಬಂದೂಕುಗಳನ್ನು ಪರೀಕ್ಷಿಸಿದ. ಎರಡು ಬಾರಿ ಬೋಲ್ಟ್ ಎಳೆದು ಮುಚ್ಚಿದ.

"ಗಂಡ ಹೆಂಡತಿ ಥರ ಕೂತಿವೆ," ಅಂದ. "ಈಗ ಸರಿಯಾಗಿದೆ. ಐವತ್ತು ವರ್ಷ ಇವು ಹೊಡೀತಾ ಇದ್ದದ್ದೇ ಆಶ್ಚರ್ಯ."

ಸೀವ್ ಗಡಿಯಾರ ನೋಡಿದಳು. ಎರಡೂ ಬೋಲ್ಟ್ ವಶಕ್ಕೆ ತೆಗೆದುಕೊಳ್ಳಬೇಕು. ತೆಗೆದುಕೊಂಡರೆ ಆಲ್ವಾರನ ಕೊನೆಯ ಪಂದ್ಯ ಮುಗಿದಂತೆ. ಅವಳು ಸುತ್ತಲೂ ನೋಡಿದಳು.

"ತಾಗೆ, ಪಂಚನಾಮೆಗೆ ಪಂಚರು ಬೇಕು. ಇಲ್ಲಿರೋರೆಲ್ಲ ಇನ್ನೊಂದು ಗಂಟೆ ಮಲಗಿ ಗುರಿ ಹಿಡೀತಾ ಇರ್ತಾರೆ."

"ಹೌದು," ಅಂದ ತಾಗೆ, ಬಾಯಲ್ಲಿ ಕೇಕು.

"ಈ ಬೋಲ್ಟುಗಳು ಆಯಾ ಬಂದೂಕಿಗೆ ಸೇರಿದ್ದೇ ಅಂತ ಖಾತ್ರಿ ಮಾಡ್ಕೋಬೇಕಲ್ಲ. ಪೊಲೀಸರ ಸಮಕ್ಷಮ ಪರೀಕ್ಷಾರ್ಥ ಗುಂಡು ಹಾರಿಸಲಾಯಿತು ಅಂತ ಬರಿ. ಎಷ್ಟು ಗುಂಡು, ಟೂರ್ಡ್?"

"ಪಂದ್ಯಕ್ಕೆ ಹತ್ತು," ಅಂದ ಟೂರ್ಡ್.

"ಹತ್ತು ಅಂತ ಬರಿ."

ಹೀಗೆ ಫಿರ್ಯಾದಿ ಮತ್ತು ಆರೋಪಿ ಪಕ್ಕಪಕ್ಕದಲ್ಲಿ ಹೊಟ್ಟೆಯ ಮೇಲೆ ಮಲಗಿದರು. ಸೀವ್ ಇಬ್ಬರ ಹಿಂದೆ ನಿಂತಳು. ಮುನ್ನೂರು ಮೀಟರ್ ಆಚೆ ಹೊಂಡದಲ್ಲಿ ಕೂತವರು ಪ್ರತಿ ಗುಂಡಿಗೂ ಕೋಲಿಗೆ ಸಿಕ್ಕಿಸಿದ ಬಿಲ್ಲೆಯನ್ನು ಮೇಲೆತ್ತಿ ಗುರಿಹಲಗೆಯಲ್ಲಿ ಎಲ್ಲಿ ಬಿತ್ತೆಂದು ತೋರಿಸುತ್ತಿದ್ದರು. ಆಲ್ವಾರನ ಮೊದಲ ಗುಂಡು ಹತ್ತರ ವೃತ್ತಕ್ಕೆ. ಎರಡನೆಯದೂ. ಅವನು ಕತ್ತೆತ್ತಿ ಬಂದೂಕನ್ನೇ ಅನುಮಾನದಿಂದ ನೋಡಿದ.

"ಏನು ಮಾಡಿದೀಯೇ ಇದಕ್ಕೆ?"

"ಅದರದನ್ನ ಅದಕ್ಕೆ ಕೊಟ್ಟೆ," ಅಂದಳು ಡಾಗ್ನಿ. "ಗುರಿ ನೋಡು. ಮಾತಾಡಬೇಡ."

"ಕಳ್ಳಿ ನನಗೆ ಬುದ್ಧಿ ಹೇಳ್ತಾಳೆ ನೋಡು, ಸೀವ್!"

"ಇಬ್ರೂ ಸುಮ್ನಿರಿ," ಅಂದಳು ಸೀವ್.

ಡಾಗ್ನಿಯ ಹತ್ತು ಗುಂಡಿಗೆ ತೊಂಬತ್ತೈದು ಅಂಕ. ಆಲ್ವಾರನ ಕೊನೆಯ ಬಿಲ್ಲೆ ಮೇಲೇಳುವ ತನಕ ಎರಡೂ ಊರಿನವರು ಎದ್ದು ನಿಂತಿದ್ದರು. ಬಿಲ್ಲೆ ಎದ್ದದ್ದು ನಟ್ಟನಡುವೆ. ತೊಂಬತ್ತಾರು. ಅವನ ಆಯುಷ್ಯದಲ್ಲೇ ಅಷ್ಟು ಬಂದಿರಲಿಲ್ಲ. ಬೆರ್ಗ್‌ಬಿಯವರೂ ಟೋಪಿ ಹಾರಿಸಿದರು. ಆಲ್ವಾರ್ ಏಳಲು ಮೊಣಕಾಲು ಬಿಡದೆ, ಡಾಗ್ನಿ ಕೈ ಕೊಟ್ಟು ಎಬ್ಬಿಸಿದಳು.

ಹನ್ನೊಂದು ಮುಕ್ಕಾಲಿಗೆ ಟೂರ್ಡ್ ಮತ್ತು ಇನ್ನೊಬ್ಬರ ಸಮಕ್ಷಮ ಪಂಚನಾಮೆ ಬರೆದು ಎರಡೂ ಬೋಲ್ಟ್ ವಶಪಡಿಸಿಕೊಳ್ಳಲಾಯಿತು. ಡಾಗ್ನಿ ಸೆಲ್‌ಸ್ಟ್ರೋಮಳನ್ನು ಬಂಧಿಸಲಾಯಿತು. ಆಲ್ವಾರ್ ಕಪ್ಪನ್ನು ಕಂಕುಳಲ್ಲಿ ಹಿಡಿದು ಪೊಲೀಸ್ ಕಾರಿನ ಹಿಂದೆಯೇ ಠಾಣೆಗೆ ಬಂದ.

"ದೂರು ವಾಪಸ್ ತಗೋತೀನಿ."

"ಶಸ್ತ್ರದ ಕೇಸು. ನೀನು ಕೊಟ್ಟದ್ದು, ಆದರೆ ಈಗ ಸರ್ಕಾರದ್ದು, ವಾಪಸ್ ತಗೊಳ್ಳೋಕೆ ಆಗಲ್ಲ," ಅಂದಳು ಸೀವ್. "ಕೂತ್ಕೋ. ಡಾಗ್ನಿ, ಹೇಳು."

ಡಾಗ್ನಿ ಹೇಳಿದಳು. ಬಂದೂಕು ಅವಳ ಅಪ್ಪ ಎವರ್ಟನದು. ಐವತ್ತೆರಡು ವರ್ಷದ ಹಿಂದೆ ಇದೇ ಹಬ್ಬದ ಪಂದ್ಯ ಮುಗಿದ ಮೇಲೆ ಎರಡೂ ಕ್ಲಬ್ಬಿನವರು ಒಟ್ಟಿಗೆ ಬಂದೂಕು ತೊಳೆದರು. ಬೋಲ್ಟುಗಳನ್ನೆಲ್ಲ ಒಂದೇ ಸೀಮೆಎಣ್ಣೆಯ ಟಬ್ಬಿಗೆ ಹಾಕಿದ್ದರು, ಬ್ರಾಂದಿಯೂ ಹರಿದಿತ್ತು. ಹಾಡು ಹೇಳುತ್ತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಮಾರನೆಯ ದಿನ ಎವರ್ಟ್ ನಂಬರು ನೋಡಿದ, ಅದು ಆಲ್ವಾರನ ಬಂದೂಕಿನ ನಂಬರು. ತನ್ನದು ಆಲ್ವಾರನ ಹತ್ತಿರ ಹೋಗಿದೆಯೆಂದು ಲೆಕ್ಕ ಹಾಕಿದ.

"ಸಾಯೋ ತನಕ ಪ್ರತಿ ಸಲ ಒರೆಸೋವಾಗ ಹೇಳ್ತಾ ಇದ್ದ, ಇದು ಬೇರೆಯವರದು, ಇದರ ಮನೆಗೆ ಇದನ್ನ ಕಳಿಸಬೇಕು ಅಂತ. ಮೊನ್ನೆ ಆಲ್ವಾರ್ ಗೋಥೆನ್‌ಬರ್ಗಿಗೆ ಮಾರ್ತೀನಿ ಅಂದ. ಹೋದ್ರೆ ಹೋಯ್ತಲ್ಲ ಅಂತ ನನಗೆ ನಿದ್ದೆ ಬರಲಿಲ್ಲ. ಮನೇಲಿದ್ದ ಬೋಲ್ಟನ್ನ ಬನ್ನಿನ ಬುಟ್ಟೀಲಿ ಇಟ್ಕೊಂಡೇ ಬಂದಿದ್ದೆ. ಈ ಸಲ ಕೇಳೇಬಿಡೋಣ ಅಂತ. ಬಾಯಿ ಬರಲಿಲ್ಲ. ಆಮೇಲೆ ಡಬ್ಬಿ ತೆಗೆದೆ, ಕೀಲಿ ಇತ್ತು."

"ಕೇಳಿದ್ರೆ ಕೊಡ್ತಿದ್ದೆನಲ್ಲೇ!" ಆಲ್ವಾರ್ ಮೇಜು ಗುದ್ದಿದ, ಕಪ್ಪು ಠಣ್ ಎಂದಿತು. "ನಿಮ್ಮಪ್ಪನಾದ್ರೂ ಯಾಕೆ ಕೇಳಲಿಲ್ಲ?"

"ಬಂದಿದ್ದ. ಸೈಕಲ್ ತುಳ್ಕೊಂಡು ನಿಮ್ಮ ಬಾಗಿಲ ತನಕ ಬಂದಿದ್ದ. ನೀನು ಊಟ ಮಾಡ್ತಾ ಇದ್ಯಂತೆ, ಕಿಟಕೀಲಿ ಕಾಣಿಸ್ತು. ತೊಂದರೆ ಕೊಡಬಾರದು ಅಂತ ವಾಪಸ್ ಬಂದ."

ಆಲ್ವಾರ್ ಮೇಜಿನ ಮೇಲಿನ ಕಪ್ಪನ್ನು ನೆಟ್ಟಗೆ ಮಾಡಿದ. ಆಮೇಲೆ ಅವನಿಗೆ ನಗು ಬಂತು. ಡಾಗ್ನಿಗೂ ಬಂತು. ಹೇಳಿಕೆ ಬರೆಯುತ್ತಿದ್ದ ತಾಗೆ ಪೆನ್ನು ಕೆಳಗಿಟ್ಟ. ಸೀವ್ ಮೇಜಿನ ಕೆಳಗಿನ ಆಲೂಗಡ್ಡೆಯ ಚೀಲವನ್ನು ಹೊರಗೆಳೆದು ಠಾಣೆಯ ಸ್ಟೋವ್ ಹಚ್ಚಿದಳು. ಊಟವಾದ ಮೇಲೆ ಡಾಗ್ನಿಯನ್ನು ಮನೆಗೆ ಬಿಡಲಾಯಿತು.

ಅಕ್ಟೋಬರಿನಲ್ಲಿ ತೀರ್ಪು ಬಂತು. ಡಾಗ್ನಿಗೆ ದಂಡ, ಎರಡು ವರ್ಷ ಲೈಸೆನ್ಸ್ ಇಲ್ಲ. ಅವಳ ರೈಫಲ್ಲನ್ನು ತಾಲ್‌ವಿಕ್ ಕ್ಲಬ್ ಕೊಂಡು ತನ್ನ ಬೀರುವಿನಲ್ಲಿ ಇಟ್ಟಿತು. ಕ್ಲಬ್ಬಿನ ಬಂದೂಕನ್ನು ಮೇಲ್ವಿಚಾರಕರ ಎದುರು ಯಾರು ಬೇಕಾದರೂ ಹೊಡೆಯಬಹುದು. ಪ್ರತಿ ಗುರುವಾರ ಅವಳು ಹೊಡೆಯುತ್ತಾಳೆ, ಮೇಲ್ವಿಚಾರಕ ಆಲ್ವಾರ್. ಕಾಫಿ ಡಬ್ಬಿಗಾಗಿ ಆಲ್ವಾರನಿಗೆ ಲಿಖಿತ ಎಚ್ಚರಿಕೆ ಬಂತು. ಬಂದೂಕನ್ನು ಅವನು ಮಾರಲಿಲ್ಲ.

ಹೋದದ್ದು: ಒಂದು ಲೈಸೆನ್ಸು, ದಂಡದ ಹಣ, ಇನ್‌ಸ್ಪೆಕ್ಟರರ ಒಂದು ಹಬ್ಬದ ರಜೆ. ಬಂದದ್ದು: ಒಂದು ಕಪ್ಪು, ಮತ್ತು ಎರಡು ಬಂದೂಕಿಗೂ ಅವವುಗಳದೇ ಬೋಲ್ಟು.